ಶನಿವಾರದ ಮಾತುಕತೆ: ಸೆತ್ ಮ್ಯಾಕ್‌ಫಾರ್ಲೇನ್

ಎಲ್ಲರಿಗೂ ನಮಸ್ಕಾರ. ಈ ಶನಿವಾರ ರಾತ್ರಿ 8ಕ್ಕೆ ದೊಡ್ಡವರಿಗಾಗಿ ಮಾಡಿದ ಕಾರ್ಟೂನ್ ಹಾಸ್ಯ ಸರಣಿ ‘ಫ್ಯಾಮಿಲಿ ಗೈ’ ಹುಟ್ಟುಹಾಕಿದ ಸೆತ್ ಮ್ಯಾಕ್‌ಫಾರ್ಲೇನ್ ಬಗ್ಗೆ ಮಾತಾಡೋಣ. 1973ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹುಟ್ಟಿದವರು. ಫಾಕ್ಸ್ ವಾಹಿನಿ ಕೊಟ್ಟ ಬರೀ 50,000 ಡಾಲರಿನಲ್ಲಿ, ಮನೆಯ ಅಡುಗೆಮನೆಯಲ್ಲೇ ಕೂತು, ತಿಂಗಳುಗಟ್ಟಲೆ ಚಿತ್ರ ಬರೆದು ಮಾದರಿ ಕಂತು ಮುಗಿಸಿದ್ದರು. ಸರಣಿಯ ಕುಟುಂಬದ ಅಪ್ಪ ಪೀಟರ್, ಕೂಸು ಸ್ಟೂಯಿ, ನಾಯಿ ಬ್ರಯಾನ್ ಮೂವರಿಗೂ ಅವರದೇ ಕಂಠ. ಒಂದೇ ಗಂಟಲಿನಿಂದ ಮೂವರು ಜಗಳವಾಡುವುದನ್ನು ಕಿವಿಗೊಟ್ಟು ಕೇಳಿ. ಅವರ ದೊಡ್ಡ ಪ್ರತಿಭೆ ನನಗೆ ಕಾಣುವುದು ಅಲ್ಲೇ.

1999ರಲ್ಲಿ ಶುರುವಾದ ಸರಣಿ 2002ರಲ್ಲಿ ನಿಂತಿತು. ಆದರೆ ಅದರ ಡಿವಿಡಿಗಳು ಭರ್ಜರಿಯಾಗಿ ಖರ್ಚಾದವು, ಮರುಪ್ರಸಾರವನ್ನೂ ಜನ ಮುಗಿಬಿದ್ದು ನೋಡಿದರು. ಹಾಗಾಗಿ 2005ರಲ್ಲಿ ಫಾಕ್ಸೇ ವಾಪಸ್ ತಂದಿತು. ಧರ್ಮ, ರಾಜಕೀಯ ಯಾವುದನ್ನೂ ಬಿಡದ ಹಾಸ್ಯ. ಕೆಲವು ಜೋಕು ಅತಿಯಾಯಿತು ಅನಿಸುತ್ತದೆ, ಅದನ್ನೂ ಚರ್ಚಿಸೋಣ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಡಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.