ಹಿನ್ನೀರಿನ ದಂಡೆಗೂ ಬಜೆಟ್‌ನಲ್ಲಿ ಒಂದು ಸಾಲು ಇರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ರಜೆಯಲ್ಲಿ ಮನೆಮಂದಿಯೆಲ್ಲ ಹೊನ್ನಾವರದ ಹತ್ತಿರದ ಕಾಸರಕೋಡು ಬೀಚಿಗೆ ಹೋಗಿದ್ದೆವು. ಬಾಗಲಕೋಟೆಯವರಿಗೆ ಸಮುದ್ರ ಅಂದರೆ ದೊಡ್ಡ ಸಂಭ್ರಮ, ಮಕ್ಕಳು ನೀರು ಬಿಟ್ಟು ಮೇಲೆ ಬರಲೇ ಇಲ್ಲ. ಆದರೆ ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ಗಾಳಿ ಮರಗಳ ನೆರಳಲ್ಲಿ ಒಬ್ಬ ಹೆಣ್ಣುಮಗಳು ಬುಟ್ಟಿ ಹಿಡಿದು, ಬಗ್ಗಿ ಬಗ್ಗಿ, ಮರಳಲ್ಲಿ ಸಿಕ್ಕಿಕೊಂಡಿದ್ದ ಬಾಟಲಿ ಮುಚ್ಚಳ ಆರಿಸುತ್ತಿದ್ದರು. ಇವತ್ತು ಜನ ಜಾಸ್ತಿ ಬಂದಿದ್ದಾರಾ ಅಂತ ಕೇಳಿದೆ. ‘ಜನ ಬರಲಿ, ಬಿಡಲಿ, ನಾವು ದಿನಾ ಬರಬೇಕು’ ಅಂದರು. ಕಾಲು ತೊಳೆಯುವ ನಲ್ಲಿ ತಿರುಗಿಸಿದರೆ ನೀರೂ ಬಂತು.

2020ರಲ್ಲಿ ದೇಶದ 8 ಬೀಚ್‌ಗಳಿಗೆ ಮೊದಲ ಸಲ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಾಗ ಅದರಲ್ಲಿ ನಮ್ಮ ರಾಜ್ಯದವು ಎರಡಿದ್ದವು, ಕಾಸರಕೋಡು ಮತ್ತು ಪಡುಬಿದ್ರಿ. ಈ ಬಾವುಟಕ್ಕೆ 33 ಮಾನದಂಡಗಳಿವೆ. ನೀರನ್ನು ಆಗಾಗ ಪರೀಕ್ಷೆ ಮಾಡಬೇಕು, ಕೊಳಚೆ ಬಂದು ಸೇರಬಾರದು, ಶೌಚಾಲಯ ಇರಬೇಕು, ಗಾಲಿಕುರ್ಚಿಯಲ್ಲಿ ಬರುವವರಿಗೂ ದಾರಿ ಇರಬೇಕು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಬಾವುಟ ಕೊಡುವುದು ಒಂದು ವರ್ಷಕ್ಕೆ ಮಾತ್ರ. ಮುಂದಿನ ವರ್ಷ ಮತ್ತೆ ತಪಾಸಣೆ, ಮತ್ತೆ ಪಾಸಾಗಬೇಕು. ಅಂದರೆ ಒಂದು ಸಲ ಕಟ್ಟಿ, ಉದ್ಘಾಟನೆ ಮಾಡಿ ಕೈತೊಳೆದುಕೊಳ್ಳಲು ಆಗಲ್ಲ. ವರ್ಷಾ ವರ್ಷ ಅದಕ್ಕೆ ದುಡ್ಡು ಇಡಲೇಬೇಕು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮೂರಿಗೆ ಸಮುದ್ರ ಇಲ್ಲದಿದ್ದರೂ ಅಷ್ಟೇ ಚೆಂದದ ನೀರಿದೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟು 519.60 ಮೀಟರ್‌ಗೆ ತುಂಬಿದಾಗ ಘಟಪ್ರಭೆಯ ಹಿನ್ನೀರು ಹಳೇ ಊರಿನ ಅಂಚಿಗೆ ಬಂದು ನಿಲ್ಲುತ್ತೆ, ಸಂಜೆ ಹೊತ್ತಿಗೆ ಸೇತುವೆ ಮೇಲೆ ಗಾಡಿ ನಿಲ್ಲಿಸಿ ಜನ ಸುಮ್ನೆ ನೋಡುತ್ತಾ ನಿಲ್ಲುತ್ತಾರೆ, ಪಕ್ಕದಲ್ಲೇ ಲಾರಿಗಳು ಹಾದುಹೋಗುತ್ತಿರುತ್ತವೆ. ಕೂರಲು ಬೇರೆ ಜಾಗ ಇದ್ದಿದ್ದರೆ ಅಲ್ಲಿ ಯಾಕೆ ನಿಲ್ಲುತ್ತಿದ್ದರು ಅಲ್ವಾ?

ಕಾಸರಕೋಡಿನಿಂದ ಬಂದ ಮೇಲೆ ಒಂದು ಭಾನುವಾರ ನಮ್ಮ ಅವ್ವನನ್ನು ದಂಡೆಗೆ ಕರೆದುಕೊಂಡು ಹೋದೆ. ನಮ್ಮ ಹಳೇ ಮನೆ ಮುಳುಗಡೆಯಲ್ಲಿ ಹೋಯಿತು, ನವನಗರಕ್ಕೆ ಬಂದು ವರ್ಷಗಳೇ ಆದರೂ ಆಕೆಗೆ ಆ ಕಡೆ ಒಮ್ಮೆ ನೋಡಬೇಕು ಅನ್ನೋ ಆಸೆ. ನೀರಿನ ತನಕ ಹೋಗಲು ಆಗಲಿಲ್ಲ. ಒಂದು ಚರಂಡಿ ನೇರ ಬಂದು ಅಲ್ಲೇ ಸೇರುತ್ತಿತ್ತು. ಹೋದ ವರ್ಷದ ಗಣಪತಿಯ ಕಟ್ಟಿಗೆ ಚೌಕಟ್ಟು, ಅದಕ್ಕೆ ಸುತ್ತಿಕೊಂಡ ಪ್ಲಾಸ್ಟಿಕ್ ಹೂವಿನ ಮಾಲೆ, ಕೆಸರಲ್ಲಿ ಅರ್ಧ ಹೂತ ಒಂದು ಚಪ್ಪಲಿ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತಳು. ‘ಇದೇ ಹೊಳಿ ನೀರು ಕೊಡದಾಗ ತುಂಬ್ಕೊಂಡು ಬರ್ತಿದ್ವಿ. ಆವಾಗ ಹಿಂಗ ನಾರ್ತಿರ್ಲಿಲ್ಲ’ ಅಂದಳು. ಅಷ್ಟೇ. ಮನೆಗೆ ಬರೋ ತನಕ ಮಾತಾಡಲಿಲ್ಲ.

ಮರುದಿನ ಒಂದು ಕಚೇರಿಗೆ ಹೋಗಿ ಕೇಳಿದರೆ ‘ಆ ಜಾಗ ನಮ್ಮ ವ್ಯಾಪ್ತಿಗೆ ಬರಲ್ಲ’ ಅಂದರು. ಅವರು ಹೇಳಿದ ಇನ್ನೊಂದು ಕಚೇರಿಯಲ್ಲೂ ಅದೇ ಉತ್ತರ. ಮನೆ, ಹೊಲ ಬಿಟ್ಟುಕೊಟ್ಟವರು ನಾವು, ಆ ನೀರಿನ ದಂಡೆ ಮಾತ್ರ ಯಾರದ್ದೂ ಅಲ್ಲ ಅಂದರೆ ಹೊಟ್ಟೆ ಉರಿಯುತ್ತೆ.

ದುಡ್ಡಿಲ್ಲ ಅನ್ನೋ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ನಗರಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ಅಮೃತ್ 2.0 ಯೋಜನೆಯಲ್ಲಿ ಕುಡಿಯುವ ನೀರು, ಒಳಚರಂಡಿ ಜೊತೆಗೆ ಜಲಮೂಲಗಳ ಪುನಶ್ಚೇತನ, ಉದ್ಯಾನಕ್ಕೂ ಅವಕಾಶ ಇಟ್ಟಿದ್ದರು. 15ನೇ ಹಣಕಾಸು ಆಯೋಗವಂತೂ 2021–26ರ ಅವಧಿಗೆ ನಮ್ಮಂಥ ಊರುಗಳಿಗೆ ಕೊಡುವ ಅನುದಾನದಲ್ಲಿ ಶೇ 60ರಷ್ಟನ್ನು ನೈರ್ಮಲ್ಯ ಮತ್ತು ನೀರಿನ ಕೆಲಸಕ್ಕೇ ಬಳಸಬೇಕು ಅಂತ ಹೇಳಿತ್ತು. ವಿಕಲಚೇತನರಿಗಾಗಿ ನಗರಸಭೆಗಳು ಶೇ 5ರಷ್ಟು ಹಣ ಮೀಸಲಿಡುತ್ತವೆ, ದಂಡೆಗೆ ಇಳಿಯಲು ಒಂದು ಇಳಿಜಾರು ದಾರಿ ಮಾಡಿದರೆ ಅದೂ ವಿಕಲಚೇತನರಿಗಾಗಿ ಮಾಡಿದ ಕೆಲಸವೇ. ಆದರೆ ಯೋಜನೆಯ ದುಡ್ಡು ಜಾಸ್ತಿ ಬರೋದು ಕಟ್ಟುವುದಕ್ಕೆ. ಕಟ್ಟಿದ ಮೇಲೆ ಕಸ ಗುಡಿಸುವವರು, ಗಿಡಕ್ಕೆ ನೀರು ಹಾಕುವವರು, ಕಾವಲುಗಾರ, ಇವರ ಸಂಬಳ ಎಲ್ಲಿಂದ? ಅದಕ್ಕೇ ನಾನು ಕೇಳುವುದು ಒಂದೇ: ನಗರಸಭೆಯ ಬಜೆಟ್‌ನಲ್ಲಿ ಹಿನ್ನೀರಿನ ದಂಡೆಯ ನಿರ್ವಹಣೆ ಅಂತ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಲಿ. ಮೊದಲ ವರ್ಷ ಮೊತ್ತ ಸಣ್ಣದಾದರೂ ಪರವಾಗಿಲ್ಲ, ಅದು ಪ್ರತಿ ವರ್ಷ ಇರಬೇಕು, ಎಷ್ಟು ಖರ್ಚಾಯಿತು ಅಂತ ಜನರಿಗೆ ಕಾಣಬೇಕು.

ಖರ್ಚು ಮಾಡುವಾಗ ಮೊದಲು ಆ ಚರಂಡಿ ನಿಲ್ಲಿಸಿ. ಆಮೇಲೆ ಬೆಂಚು, ದೀಪ ಎಲ್ಲ. ಮತ್ತೆ ದಯವಿಟ್ಟು ನೀರಿನ ಅಂಚಿಗೆ ಕಾಂಕ್ರೀಟ್ ಸುರಿಯಬೇಡಿ. ಅಣೆಕಟ್ಟಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ರಾಜ್ಯಗಳ ನಡುವೆ ನೀರು ಹಂಚುವ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ, ನಾಳೆ ಗೇಟ್ ಎತ್ತರಿಸಿದರೆ ಈಗ ಕೆಳಗೆ ಕಟ್ಟಿದ್ದೆಲ್ಲ ನೀರುಪಾಲು. ಮೇಲಿನ ದಂಡೆಯಲ್ಲಿ ಮಣ್ಣಿನ ನಡಿಗೆ ದಾರಿ, ಪಕ್ಕಕ್ಕೆ ಹೊಳೆಮತ್ತಿ, ಹೊಂಗೆ, ಜಾಲಿ ಹಾಕಿದರೆ ಸಾಕು, ಕೆಲವು ದಿನ ಬುಡದಲ್ಲಿ ನೀರು ನಿಂತರೂ ಅವು ಸಾಯಲ್ಲ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬರುವ ರಾಜಹಂಸಗಳ (ಫ್ಲೆಮಿಂಗೊ) ಬಗ್ಗೆಯೂ ಒಂದು ಮಾತು. ತಲೆ ಕೆಳಗೆ ಮಾಡಿ, ಕೊಕ್ಕನ್ನು ಆಳವಿಲ್ಲದ ನೀರಲ್ಲಿ ಅದ್ದಿ, ಕೆಸರು ಸೋಸಿ ಅವು ತಿನ್ನುವುದನ್ನು ನನ್ನ ಮಗಳು ಒಂದು ಗಂಟೆ ಅಲ್ಲಾಡದೆ ನೋಡಿದ್ದಾಳೆ. ಅವು ಮೇಯುವ ಜಾಗಕ್ಕೆ ಮೋಟಾರ್ ಬೋಟ್, ಜಗಮಗ ದೀಪ ತರಬೇಡಿ. ದೂರದಲ್ಲಿ ಕೂತು ನೋಡಲು ನೆರಳಿನ ಜಾಗ ಒಂದಿದ್ದರೆ ಶಾಲೆ ಮಕ್ಕಳನ್ನು ಕರೆತರಬಹುದು.

ಈ ಸಲ ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆದರೆ ನಾನು ಬರುತ್ತೇನೆ, ನಮ್ಮ ಸೆಕ್ಟರಿನ ನಾಲ್ಕೈದು ಮಂದಿ ಬರಲು ಒಪ್ಪಿದ್ದಾರೆ. ಸಭೆಯ ದಿನಾಂಕವನ್ನು ನಗರಸಭೆ ಒಂದು ವಾರ ಮೊದಲೇ ಪತ್ರಿಕೆಯಲ್ಲಿ ತಿಳಿಸಲಿ. ಅವ್ವನೂ ಬರುತ್ತೇನೆ ಅಂದಿದ್ದಾಳೆ.

ಇಂತಿ,
ನವನಗರದ ಒಬ್ಬ ನಿವಾಸಿ, ಬಾಗಲಕೋಟೆ