ಸೂಜಿ ಹಿಡಿದ ಕೈಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್ 17ರ ವಿಶ್ವ ಹಿಮೋಫಿಲಿಯಾ ದಿನಕ್ಕೆ ನೀವು ಹಾಕಿದ್ದ ಬರಹ ಓದಿದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಜೀನ್ ಥೆರಪಿ ಬಗ್ಗೆ ನಮ್ಮಂಥವರಿಗೂ ಅರ್ಥವಾಗುವ ಹಾಗೆ ಬರೆದಿದ್ದೀರಿ. ಅದನ್ನು ಕತ್ತರಿಸಿ ಮಗನ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಎರಡು ಸಲ ಓದಿದರೂ ಅದರಲ್ಲಿ ನರ್ಸ್ ಅನ್ನುವ ಪದ ಒಂದು ಕಡೆಯೂ ಸಿಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಬಂಗಾರಪೇಟೆಯವಳು. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವಳು, ಈಗ ನಿವೃತ್ತಿಯಾಗಿದೆ. ನನ್ನ ಮಗನಿಗೆ ಹಿಮೋಫಿಲಿಯಾ ಎ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅನ್ನುವ ಅಂಶ ಅವನ ರಕ್ತದಲ್ಲಿ ನೂರರಲ್ಲಿ ಒಂದು ಪಾಲೂ ಇಲ್ಲ. ಹೊರಗೆ ಗಾಯವಾದರೆ ಕಾಣುತ್ತೆ, ಏನೋ ಒಂದು ಮಾಡಬಹುದು. ಇವನಿಗೆ ಏನೂ ಪೆಟ್ಟಾಗದೆ ಮಂಡಿಯ ಒಳಗೆ ರಕ್ತ ಸೋರುತ್ತಿತ್ತು. ರಾತ್ರಿ ಚೆನ್ನಾಗಿ ಮಲಗಿದ ಮಗು ಬೆಳಿಗ್ಗೆ ಮಂಡಿ ತೆಂಗಿನಕಾಯಿ ಗಾತ್ರ ಆಗಿ ಅಳುತ್ತಾ ಏಳುತ್ತಿತ್ತು.

ಮೂರು ವರ್ಷದವನಿದ್ದಾಗ ಹೀಗೇ ಆಯಿತು. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಎತ್ತಿಕೊಂಡು ಓಡಿದೆವು. ನೋವಿಗೆ ಅಂತ ಸೊಂಟಕ್ಕೆ ಒಂದು ಇಂಜೆಕ್ಷನ್ ಚುಚ್ಚಿದರು. ಈ ಮಕ್ಕಳಿಗೆ ಮಾಂಸಕ್ಕೆ ಇಂಜೆಕ್ಷನ್ ಕೊಡಬಾರದು ಅಂತ ನಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಸಂಜೆ ಹೊತ್ತಿಗೆ ಮಂಡಿಯ ಜೊತೆ ತೊಡೆಯೂ ಊದಿಕೊಂಡು ಕಪ್ಪಾಯಿತು. ಮಾರನೇ ದಿನವೇ ರೈಲು ಹತ್ತಿದೆವು. ಕುಪ್ಪಂ, ಜೋಲಾರಪೇಟೆ, ಆಂಬೂರು ದಾಟಿ ಕಾಟ್ಪಾಡಿ. ಅಲ್ಲಿಂದ ಆಟೋದಲ್ಲಿ ವೆಲ್ಲೂರು. ಅದು 1999. ಆಮೇಲೆ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇವೆ ಅನ್ನುವುದಕ್ಕೆ ಲೆಕ್ಕ ಇಟ್ಟಿಲ್ಲ.

ಅಲ್ಲಿ ಮೊದಲು ನಮ್ಮ ಜೊತೆ ಕೂತು ಮಾತಾಡಿದ್ದು ಒಬ್ಬ ಸಿಸ್ಟರ್. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ತಮಿಳು ಅಷ್ಟಕ್ಕಷ್ಟೆ. ನಮ್ಮ ಕೋಲಾರದ ಕಡೆಯವರಿಗೆ ತೆಲುಗು ಬರುತ್ತಲ್ಲ, ಅದೇ ನಮ್ಮಿಬ್ಬರ ಕೈ ಹಿಡಿಯಿತು. ಅವರು ಒಂದು ಹಾಳೆ ತೆಗೆದು ನಮ್ಮ ಮನೆತನದ ಚಿತ್ರ ಬರೆಯತೊಡಗಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಕಾಯಿಲೆ ಇದ್ದವರದ್ದಕ್ಕೆ ಒಳಗೆ ಕಪ್ಪು. ನಿಮ್ಮ ತಂದೆ, ತಾಯಿ, ಒಡಹುಟ್ಟಿದವರು ಅಂತ ಒಂದೊಂದಾಗಿ ಕೇಳುತ್ತಾ ಬಂದರು. ನನಗೊಬ್ಬ ಅಣ್ಣ ಇದ್ದ, ಒಂಬತ್ತನೇ ವಯಸ್ಸಿನಲ್ಲಿ ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದೆ ತೀರಿಕೊಂಡ ಅಂದೆ. ಸಿಸ್ಟರ್ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಅಣ್ಣನ ಚೌಕಕ್ಕೆ ನಿಧಾನವಾಗಿ ಕಪ್ಪು ತುಂಬಿ, ಮೇಲೊಂದು ಗೆರೆ ಎಳೆದರು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಅವನ ಸಾವಿಗೆ ದೃಷ್ಟಿ, ದೇವರ ಹರಕೆ, ಏನೇನೋ ಕಾರಣ ಹೇಳುತ್ತಿದ್ದರು. ಅದು ಯಾಕಾಯಿತು ಅಂತ ನನಗೆ ಗೊತ್ತಾಗಿದ್ದು ಆ ಕಪ್ಪು ಚೌಕ ನೋಡಿದಾಗ.

'ಅಮ್ಮ, ಇದು ನೀವು ಮಾಡಿದ ತಪ್ಪಲ್ಲ' ಅಂದರು. ತಾಯಿಯ ಕಡೆಯಿಂದ ಮಗನಿಗೆ ಬರುವ ಕಾಯಿಲೆ ಇದು. ತಾಯಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಅತ್ತೆಮನೆಯಲ್ಲಿ ನನಗೆ ಬರುತ್ತಿದ್ದ ಮಾತು ಎಂಥವು ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಹಾಳೆ ತೋರಿಸಿ ಇನ್ನೊಂದು ಸಲ ವಿವರಿಸಿದರು ಆ ಸಿಸ್ಟರ್. ಅವತ್ತಿನಿಂದ ಮನೆಯಲ್ಲಿ ಆ ಮಾತು ನಿಂತಿತು. ಮುಂದೆ ಮಗಳ ಮದುವೆಗೆ ಮುಂಚೆ, ಅವಳಲ್ಲೂ ಈ ಕಾಯಿಲೆಯ ಜೀನ್ ಇದೆಯಾ ಅಂತ ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ಆ ಚಿತ್ರ ಇಲ್ಲದಿದ್ದರೆ ಅದು ನಮ್ಮ ತಲೆಗೇ ಹೊಳೆಯುತ್ತಿರಲಿಲ್ಲ.

ಸಂಶೋಧನೆ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದೂ ಅಲ್ಲೇ. ಒಂದು ಸಲ ಮಗನ ರಕ್ತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳಬಹುದಾ, ಅಧ್ಯಯನಕ್ಕೆ ಬೇಕು ಅಂತ ಕೇಳಿದರು. ಇಂಗ್ಲಿಷಿನಲ್ಲಿದ್ದ ನಾಲ್ಕು ಪುಟದ ಕಾಗದ. ಸುಮ್ನೆ ಸೈನ್ ಹಾಕಿ ಅಂದಿದ್ದರೆ ನಾವು ಹಾಕಿಬಿಡುತ್ತಿದ್ದೆವು. ಸಿಸ್ಟರ್ ಹಾಗೆ ಮಾಡಲಿಲ್ಲ. ಒಂದೊಂದು ಸಾಲನ್ನೂ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಬೇಡ ಅಂದರೂ ಚಿಕಿತ್ಸೆಯಲ್ಲಿ ಏನೂ ಕಡಿಮೆ ಮಾಡುವುದಿಲ್ಲ ಅಂತ ಎರಡು ಸಲ ಹೇಳಿದರು. ಆಮೇಲೆ ನನ್ನನ್ನೇ ಕೇಳಿದರು: 'ಈಗ ನೀವು ನನಗೆ ಹೇಳಿ, ಇದರಲ್ಲಿ ಏನಿದೆ?' ಶಾಲೆಯಲ್ಲಿ ಮಕ್ಕಳಿಗೆ ಪಾಠ ಒಪ್ಪಿಸಿ ಅನ್ನುತ್ತಿದ್ದ ನಾನೇ ಅವತ್ತು ಪಾಠ ಒಪ್ಪಿಸಿದೆ. ಅದಾದ ಮೇಲೇ ಸೈನ್.

ಅಲ್ಲಿನ ಡಾಕ್ಟರುಗಳ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಹಿಮೋಫಿಲಿಯಾ ಇರುವವರ ಕೀಲುಗಳು ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತವೆ ಅಂತ ಅಳೆಯಲು 'ಫಿಶ್' ಅನ್ನುವ ಒಂದು ಅಂಕಪಟ್ಟಿ ಇದೆ. ಬೇರೆ ದೇಶಗಳಲ್ಲೂ ಅದನ್ನು ಬಳಸುತ್ತಾರೆ. ಅದು ಹುಟ್ಟಿದ್ದು ವೆಲ್ಲೂರಿನಲ್ಲಿ. ಸ್ನಾನ ಮಾಡುತ್ತಾನಾ, ಮೆಟ್ಟಿಲು ಹತ್ತುತ್ತಾನಾ, ಕುಕ್ಕರಗಾಲಲ್ಲಿ ಕೂರುತ್ತಾನಾ ಅಂತ ನೋಡಿ ಪ್ರತಿಯೊಂದಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ. ಕುಕ್ಕರಗಾಲಲ್ಲಿ ಕೂರುವುದು ನಮ್ಮ ಮನೆಗಳಲ್ಲಿ ಎಷ್ಟು ಮುಖ್ಯ ಅನ್ನುವುದು ನಮ್ಮವರಿಗೇ ತಾನೇ ಗೊತ್ತಿರೋದು? ನಮ್ಮ ಮನೆಯಲ್ಲಿ ಇದ್ದದ್ದೇ ನೆಲದ ಕಕ್ಕಸು. ಮಗನಿಗೆ ಅದರಲ್ಲಿ ಒಂದು ಅಂಕ ಬಂದಿದ್ದ ಕಾಲವೂ ಇತ್ತು, ಮೂರು ಬಂದ ದಿನವೂ ಬಂತು. ಮೂರು ಬಂದ ದಿನ ಫಿಸಿಯೋಥೆರಪಿಯ ಹುಡುಗಿಯೂ ಸಿಸ್ಟರೂ ಚಪ್ಪಾಳೆ ಹೊಡೆದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಸೂಜಿಯ ವಿಷಯಕ್ಕೆ ಬರುತ್ತೇನೆ. ರಕ್ತ ಸೋರಲು ಶುರುವಾದ ಕೂಡಲೇ, ಮೈಯಲ್ಲಿ ಇಲ್ಲದ ಆ ಫ್ಯಾಕ್ಟರ್ 8 ಅನ್ನು ನರಕ್ಕೆ ಚುಚ್ಚಿ ಕೊಟ್ಟರೆ ಕೀಲು ಉಳಿಯುತ್ತೆ. ಬಂಗಾರಪೇಟೆಯಿಂದ ವೆಲ್ಲೂರಿಗೆ ಹೋಗುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತೆ. ಆದ್ದರಿಂದ ಮನೆಯಲ್ಲೇ ನೀವೇ ಕೊಡಬೇಕು ಅಂದರು. ನನಗೆ ಕೈ ನಡುಗಿತು. ಹೆತ್ತ ಮಗನ ನರಕ್ಕೆ ಚುಚ್ಚುವುದು ಹೇಗೆ?

ಮೊದಲ ಎರಡು ದಿನ ಬಟ್ಟೆಯ ಕೆಳಗೆ ಇಟ್ಟ ರಬ್ಬರ್ ಕೊಳವೆಗೆ ಚುಚ್ಚಿಸಿದರು. ಮೂರನೇ ದಿನ ಸಿಸ್ಟರ್ ತಮ್ಮ ಕೈ ತೋಳಿನವರೆಗೆ ಬಿಚ್ಚಿ ನನ್ನ ಮುಂದೆ ಚಾಚಿದರು. 'ಚುಚ್ಚಿ ಅಮ್ಮ' ಅಂದರು. ರಬ್ಬರ್ ಪಟ್ಟಿ ಕಟ್ಟಿದೆ. ಕಣ್ಣಿಂದ ನೋಡಬೇಡಿ, ಬೆರಳಿಂದ ಹುಡುಕಿ, ಒತ್ತಿದರೆ ಮೇಲೆ ಏಳಬೇಕು, ಅದೇ ನರ ಅಂದರು. ಬಟರ್‌ಫ್ಲೈ ಸೂಜಿಯ ಎರಡು ರೆಕ್ಕೆ ಹಿಡಿದು ಚುಚ್ಚಿದೆ. ತಪ್ಪಿತು. ಅವರು ಮುಖ ಕಿವುಚಲಿಲ್ಲ. ಹತ್ತಿ ಒತ್ತಿಕೊಂಡು ಇನ್ನೊಂದು ಕೈ ಕೊಟ್ಟರು. ಈ ಸಲ ಸಣ್ಣ ಕೊಳವೆಯಲ್ಲಿ ರಕ್ತದ ಕೆಂಪು ಎಳೆ ಬಂತು. ನಾನು ಅಳುತ್ತಿದ್ದೆ, ಅವರು ನಗುತ್ತಿದ್ದರು.

ಫ್ಯಾಕ್ಟರ್ ಪುಡಿಯ ರೂಪದಲ್ಲಿ ಬರುತ್ತೆ. ಅದಕ್ಕೆ ನೀರು ಬೆರೆಸಿದ ಮೇಲೆ ಬಾಟಲಿ ಕುಲುಕಬಾರದು, ನೊರೆ ಬರುತ್ತೆ. ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ತಿರುಗಿಸಬೇಕು. ನಾವು ಕಡಗೋಲು ತಿರುಗಿಸುತ್ತೇವಲ್ಲ, ಅದಕ್ಕಿಂತ ತುಂಬಾ ನಿಧಾನ. ಕೊಟ್ಟಾದ ಮೇಲೆ ಮೊಣಕೈ ಮಡಚದೆ ಐದು ನಿಮಿಷ ಹತ್ತಿ ಒತ್ತಿ ಹಿಡಿಯಬೇಕು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು: ತಾರೀಕು, ಯಾವ ಕೀಲು, ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಯೂನಿಟ್, ಬಾಟಲಿಯ ಬ್ಯಾಚ್ ನಂಬರ್. ಒಂದು ಸಲ ನಾನು ಬ್ಯಾಚ್ ನಂಬರ್ ಬರೆಯದೆ ಹೋಗಿದ್ದೆ. ಸಿಸ್ಟರ್ ಬೈಯಲಿಲ್ಲ. 'ಅಮ್ಮ, ನೀವು ಬರೆಯುವುದನ್ನು ನಂಬಿಕೊಂಡೇ ಡಾಕ್ಟರು ಮುಂದಿನ ಡೋಸ್ ಬರೆಯುವುದು' ಅಂದರು. ಇಂಥ ನೋಟ್‌ಬುಕ್ಕುಗಳು ಎಷ್ಟು ಮನೆಗಳಲ್ಲಿವೆಯೋ. ಯಾವ ಮಗುವಿಗೆ ಎಷ್ಟು ಸಲ ರಕ್ತ ಸೋರಿತು ಅನ್ನುವ ಲೆಕ್ಕ ಇಲ್ಲದೆ, ಯಾವ ಔಷಧ ಎಷ್ಟು ಕೆಲಸ ಮಾಡಿತು ಅಂತ ಯಾವ ಡಾಕ್ಟರಾದರೂ ಹೇಗೆ ಹೇಳುತ್ತಾರೆ? ಆ ಲೆಕ್ಕ ಬರೆಯಲು ತಾಯಂದಿರಿಗೆ ಕಲಿಸಿದ್ದು ನರ್ಸುಗಳು.

ಈಗ ನಿಮ್ಮ ಬರಹದ ಜೀನ್ ಥೆರಪಿಗೆ ಬರೋಣ. ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ ಐದು ಜನರಿಗೆ ಅದನ್ನು ಮಾಡಿ, 2024ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿತು. ಈ ಕೆಲಸದಲ್ಲಿ ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಅನ್ನುವ ಸಂಶೋಧನಾ ಸಂಸ್ಥೆಯ ನಂಟೂ ಇದೆ ಅಂತ ಓದಿ ಖುಷಿಯಾಯಿತು. ರೋಗಿಯದೇ ಸ್ಟೆಮ್ ಸೆಲ್, ಅಂದರೆ ರಕ್ತದ ಕಣಗಳನ್ನು ಹುಟ್ಟಿಸುವ ಮೂಲಕೋಶ ತೆಗೆದು, ಫ್ಯಾಕ್ಟರ್ 8 ತಯಾರಿಸುವ ಜೀನನ್ನು ಅದಕ್ಕೆ ಸೇರಿಸಿ, ಮತ್ತೆ ಅವರ ಮೈಗೇ ಬಿಡುವುದು. ಆ ಐದೂ ಜನರಿಗೆ ಆಮೇಲೆ ರಕ್ತ ಸೋರುವುದು ನಿಂತಿತು. ಇಷ್ಟನ್ನು ನೀವು ಬರೆದಿದ್ದೀರಿ.

ಬರೆಯದೆ ಬಿಟ್ಟಿದ್ದು ನಡುವಿನ ದಿನಗಳನ್ನು. ಸ್ಟೆಮ್ ಸೆಲ್ ವಾಪಸ್ ಬಿಡುವ ಮುಂಚೆ ಬಲವಾದ ಔಷಧ ಕೊಟ್ಟು ಮೂಳೆಯ ಒಳಗಿನ ಮಜ್ಜೆಯಲ್ಲಿ ಜಾಗ ಮಾಡಬೇಕು. ಆಗ ರೋಗಿಯ ಮೈಯಲ್ಲಿ ಸೋಂಕನ್ನು ತಡೆಯುವ ಶಕ್ತಿ ಪೂರ್ತಿ ಕುಸಿಯುತ್ತೆ. ಸಣ್ಣ ಜ್ವರವೂ ಜೀವಕ್ಕೆ ಕುತ್ತು. ಮಧ್ಯರಾತ್ರಿ ಮೈ ಬಿಸಿ ನೋಡುವುದು, ಬಾಯಿಯ ಹುಣ್ಣು ತೊಳೆಯುವುದು, ಎದೆಗೆ ಹಾಕಿದ ಪೈಪಿನ ಬಾಯಿ ಶುಚಿಯಾಗಿಡುವುದು, ಇಷ್ಟರ ಜೊತೆಗೆ ಹೆದರಿದವನಿಗೆ ಧೈರ್ಯ ಹೇಳುವುದು. ಡಾಕ್ಟರು ರೌಂಡ್ಸ್‌ಗೆ ಬಂದು ಹೋಗುತ್ತಾರೆ. ಪಾಳಿಯ ಮೇಲೆ ಪಾಳಿ ರೋಗಿಯ ಪಕ್ಕದಲ್ಲಿ ಇರುವವರು ನರ್ಸುಗಳು. 1986ರಿಂದ ಅಲ್ಲಿ ಮೂಳೆಮಜ್ಜೆ ಕಸಿ ನಡೆಯುತ್ತಿದೆ. ಅಷ್ಟು ವರ್ಷ ಪಳಗಿದ ಕೈಗಳು ವಾರ್ಡಿನಲ್ಲಿ ಇಲ್ಲದೆ ಹೋಗಿದ್ದರೆ ಈ ಹೊಸ ಚಿಕಿತ್ಸೆಗೆ ಯಾರಾದರೂ ಧೈರ್ಯ ಮಾಡುತ್ತಿದ್ದರಾ?

ಆ ಆಸ್ಪತ್ರೆಯ ಕಥೆಯಲ್ಲಿ ಒಂದು ವಿಷಯ ನನಗೆ ತುಂಬಾ ಹಿಡಿಸುತ್ತೆ. ಅದನ್ನು ಕಟ್ಟಿದ ಡಾ. ಐಡಾ ಸ್ಕಡ್ಡರ್ 1900ರಲ್ಲಿ ಶುರು ಮಾಡಿದ್ದು ಒಂದೇ ಒಂದು ಹಾಸಿಗೆಯಿಂದ. ನರ್ಸಿಂಗ್ ಶಾಲೆ ತೆರೆದಿದ್ದು 1909ರಲ್ಲಿ. ಹೆಣ್ಣುಮಕ್ಕಳಿಗೆ ಡಾಕ್ಟರಿಕೆ ಕಲಿಸುವ ಶಾಲೆ ಬಂದಿದ್ದು 1918ರಲ್ಲಿ. ಅಂದರೆ ಡಾಕ್ಟರುಗಳಿಗಿಂತ ಒಂಬತ್ತು ವರ್ಷ ಮುಂಚೆ ಅಲ್ಲಿ ನರ್ಸುಗಳಿಗೆ ಪಾಠ ಶುರುವಾಗಿತ್ತು! ಹೆರಿಗೆಯಲ್ಲಿ ಹೆಂಗಸರು ಸತ್ತಿದ್ದು ತಿಳಿದು ಮನಸ್ಸು ಕಲಕಿ ಡಾಕ್ಟರಾದ ಹೆಂಗಸು ಆಕೆ. ಒಬ್ಬಳಿಂದ ಆಗುವ ಕೆಲಸ ಅಲ್ಲ ಅಂತ ಅವರಿಗೆ ಬೇಗ ತಿಳಿದಿತ್ತು ಅಂತ ಕಾಣುತ್ತೆ. 1946ರಲ್ಲಿ ಅಲ್ಲಿ ನರ್ಸಿಂಗ್ ಡಿಗ್ರಿ ಶುರುವಾಯಿತು. ದೇಶದಲ್ಲೇ ಮೊದಲು ಆ ಡಿಗ್ರಿ ಕೊಟ್ಟ ಕಾಲೇಜುಗಳಲ್ಲಿ ಅದೂ ಒಂದು. ಇವತ್ತಿಗೂ ಅಲ್ಲಿ ಪಾಠ ಮಾಡುವ ಮೇಡಂಗಳು ವಾರ್ಡಿನಲ್ಲೂ ಕೆಲಸ ಮಾಡುತ್ತಾರೆ. ನನಗೆ ಸೂಜಿ ಹಿಡಿಯುವುದನ್ನು ಕಲಿಸಿದವರೂ ಮಧ್ಯಾಹ್ನದ ಮೇಲೆ ಪಾಠ ಮಾಡಲು ಹೋಗುತ್ತಿದ್ದರು.

ನಮ್ಮ ರಾಜ್ಯದ ಮಾತಿಗೆ ಬಂದರೆ, ಮೊದಲು ಫ್ಯಾಕ್ಟರ್‌ಗೆ ಒಡವೆ ಅಡ ಇಡಬೇಕಿತ್ತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತೆ. ಇದಕ್ಕೆ ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಯಂಥವರು ಪಟ್ಟ ಪಾಡು ದೊಡ್ಡದು. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೆ ಸ್ವತಃ ಈ ಕಾಯಿಲೆ ಇದೆ. ಆದರೆ ಔಷಧ ಇದ್ದರೆ ಸಾಲದು. ನಾಲ್ಕು ವರ್ಷದ ಹಿಂದೆ ಮಗ ಕೆಲಸದ ಮೇಲೆ ಬೇರೆ ಜಿಲ್ಲೆಗೆ ಹೋಗಿದ್ದಾಗ ರಾತ್ರಿ ಹನ್ನೊಂದಕ್ಕೆ ಮೊಣಕೈ ಊದಿತು. ಅಲ್ಲಿನ ಒಂದು ಆಸ್ಪತ್ರೆಗೆ ಹೋದ. ಫ್ರಿಜ್ಜಿನಲ್ಲಿ ಫ್ಯಾಕ್ಟರ್ ಇತ್ತು. ಕೊಟ್ಟು ಅಭ್ಯಾಸ ಇದ್ದವರು ಆ ಪಾಳಿಯಲ್ಲಿ ಯಾರೂ ಇರಲಿಲ್ಲ. ಬೆಳಿಗ್ಗೆ ಬನ್ನಿ ಅಂದರು. ಪಾಪ, ಆ ಹುಡುಗಿಯರದ್ದು ತಪ್ಪು ಅನ್ನಲಾರೆ. ಅವರಿಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಇವನೇ ಬಾಟಲಿ ಕೇಳಿ ಇಸಕೊಂಡು, ಅಂಗೈಯಲ್ಲಿ ತಿರುಗಿಸಿ, ಎಡಗೈಯಿಂದ ಬಲಗೈಗೆ ಚುಚ್ಚಿಕೊಂಡ. ಡ್ಯೂಟಿಯಲ್ಲಿದ್ದ ಹುಡುಗಿ ಪಕ್ಕದಲ್ಲಿ ನಿಂತು ನೋಡಿ, 'ಅಣ್ಣ, ಇನ್ನೊಂದು ಸಲ ಹೇಳಿ, ನಾನು ಬರೆದುಕೊಳ್ಳುತ್ತೇನೆ' ಅಂದಳಂತೆ. ಕಲಿಯುವ ಆಸೆ ಇರುವವರು ನಮ್ಮಲ್ಲೂ ಇದ್ದಾರೆ.

ಜಿಲ್ಲೆಗೆ ಪಾಳಿಗೊಬ್ಬರಂತೆ ಮೂವರು ನರ್ಸುಗಳಿಗೆ ಈ ಕೆಲಸ ಕಲಿಸಿ, ಅವರನ್ನು ಅದೇ ಜಾಗದಲ್ಲಿ ಉಳಿಸಿ ಅಂತ ಆರೋಗ್ಯ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತೇನೆ. ಕಲಿಸಿದ ಮೂರೇ ತಿಂಗಳಿಗೆ ಬೇರೆ ವಾರ್ಡಿಗೆ ಹಾಕಿಬಿಟ್ಟರೆ ಕಲಿಸಿದ್ದೆಲ್ಲ ನೀರಲ್ಲಿ ಹೋಮ.

ನಿಮ್ಮಲ್ಲೂ ಒಂದು ಕೋರಿಕೆ ಇದೆ. ಮೇ 12 ದಾದಿಯರ ದಿನ. ಅವತ್ತು ಕ್ಯಾಂಡಲ್ ಹಿಡಿದು ಸಾಲಾಗಿ ನಿಂತ ಹುಡುಗಿಯರ ಫೋಟೋ ಪ್ರತಿ ವರ್ಷ ಬರುತ್ತೆ. ಈ ಸಲ ಒಬ್ಬ ವರದಿಗಾರರನ್ನು ಯಾವುದಾದರೂ ದೊಡ್ಡ ಆಸ್ಪತ್ರೆಯ ಒಂದು ವಾರ್ಡಿಗೆ ಕಳಿಸಿ. ವೆಲ್ಲೂರೇ ಆಗಬೇಕಿಲ್ಲ, ನಮ್ಮ ನಿಮ್ಹಾನ್ಸ್ ಇದೆ, ಕಿದ್ವಾಯಿ ಇದೆ. ಒಂದು ರಾತ್ರಿ ಪಾಳಿ ಪೂರ್ತಿ ಕೂತು ನೋಡಲಿ. ಅಲ್ಲಿ ನಡೆಯುವ ಅಧ್ಯಯನದಲ್ಲಿ ನರ್ಸುಗಳು ಏನು ಮಾಡುತ್ತಾರೆ ಅಂತ ಅವರನ್ನೇ ಕೇಳಲಿ. ಅವರು ಒಪ್ಪಿದರೆ ಹೆಸರು ಹಾಕಿ ಬರೆಯಿರಿ.

ವೆಲ್ಲೂರಿಗೇ ಹೋಗುವುದಾದರೆ ನಾನೂ ಜೊತೆಗೆ ಬರುತ್ತೇನೆ. ಬರುವ ತಿಂಗಳು ಮಗನ ಚೆಕಪ್ ಇದೆ. ಬಂಗಾರಪೇಟೆಯಲ್ಲಿ ರೈಲು ಹತ್ತಿಕೊಳ್ಳುತ್ತೇನೆ, ನಿಮ್ಮವರಿಗೆ ತೆಲುಗು ಬರದಿದ್ದರೆ ನಾನೇ ಹೇಳುತ್ತೇನೆ. ಹಳೆಯ ನೋಟ್‌ಬುಕ್ಕುಗಳೂ ಚೀಲದಲ್ಲಿರುತ್ತವೆ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಶಿಕ್ಷಕಿ,
ಬಂಗಾರಪೇಟೆ, ಕೋಲಾರ ಜಿಲ್ಲೆ