ಹುಂಜಗಳ ವಿಷಯ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಗುಂಪಿನಲ್ಲಿ ಮೂರು ಜನ ‘ಹುಂಜ ಇದೆ, ಯಾರಿಗಾದರೂ ಬೇಕಾ’ ಅಂತ ಹಾಕಿದ್ದೀರಿ. ಮರಿ ಮಾಡಿಸಿದರೆ ಹೆಚ್ಚುಕಡಿಮೆ ಅರ್ಧ ಗಂಡೇ ಬರುತ್ತವೆ, ಕಾವಿಗೆ ಕೂರಿಸುವ ಮೊದಲೇ ಯೋಚಿಸಬೇಕಿತ್ತು, ಅಲ್ವಾ? ಬರೀ ಮೊಟ್ಟೆ ಬೇಕು ಅನ್ನುವವರಿಗೆ ಹುಂಜವೇ ಬೇಡ, ಹೇಟೆ ಅದಿಲ್ಲದೆಯೂ ಇಡುತ್ತದೆ.

ನಮ್ಮ ಕೆಂಚ ನಾಲ್ಕೂವರೆ ತಿಂಗಳಿಗೆ ಕೂಗಲು ಶುರು ಮಾಡಿದ, ಮೊದಮೊದಲು ಗಂಟಲು ಕಟ್ಟಿದವನ ಹಾಗೆ, ಆಮೇಲೆ ಬೆಳಗಿನ ಜಾವ ನಾಲ್ಕಕ್ಕೇ ಇಡೀ ಬೀದಿ ಏಳುವ ಹಾಗೆ. ರಾತ್ರಿ ಗಾಳಿಯಾಡುವ ಕತ್ತಲೆ ಪೆಟ್ಟಿಗೆಯಲ್ಲಿ ಕೂರಿಸಿ ಏಳು ಗಂಟೆಗೆ ಬಿಡುತ್ತಿದ್ದೆ. ಕೂಗು ನಿಲ್ಲಲಿಲ್ಲ, ಕಡಿಮೆಯಾಯಿತು ಅಷ್ಟೇ. ಕೊನೆಗೆ ಮಾಗಡಿ ಕಡೆ ತೋಟ ಇರುವ ಪರಿಚಯದವರಿಗೆ ಕೊಟ್ಟೆ.

ಕೆರೆ ದಂಡೆಯಲ್ಲೋ ಪಾರ್ಕಿನಲ್ಲೋ ಬಿಟ್ಟು ಬರಬೇಡಿ, ಒಂದೇ ರಾತ್ರಿಗೆ ನಾಯಿ ಪಾಲು. ಪಂದ್ಯಕ್ಕೆ ಕೇಳುವವರಿಗಂತೂ ಕೊಡಲೇಬೇಡಿ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಅಡುಗೆಗೇ ಆಗಲಿ ಅಂದರೆ ನನ್ನ ತಕರಾರಿಲ್ಲ, ಆದರೆ ಕಾಲು ಕಟ್ಟಿ ಸ್ಕೂಟರಿಗೆ ತಲೆಕೆಳಗಾಗಿ ನೇತುಹಾಕಬೇಡಿ. ತೂತು ಮಾಡಿದ ರಟ್ಟಿನ ಡಬ್ಬ ಸಾಕು, ಕತ್ತಲಾದ ಮೇಲೆ ಹಿಡಿದರೆ ಜಾಸ್ತಿ ಒದ್ದಾಡದೆ ಸುಮ್ನೆ ಬರುತ್ತದೆ. ಕೊಯ್ಯುವುದು ಕೈ ಪಳಗಿದವರೇ, ಹರಿತವಾದ ಚಾಕುವಿನಲ್ಲಿ, ಬೇರೆ ಕೋಳಿಗಳ ಕಣ್ಣಿಗೆ ಬೀಳದ ಕಡೆ.

ಕೊಡುವವರು ವಯಸ್ಸು, ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿದ್ದೀರಾ ಇಲ್ಲವಾ ಅನ್ನೋದು ಬರೆದು, ಫೋಟೊ ಜೊತೆ ಹಾಕಿ.